ಪಾರ್ಸೆಲ್ ಬೋಗಿಯಲ್ಲಿ ಹಲ್ಲಿನ ಅತ್ತೆ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಅತ್ತೆ ನಿವೃತ್ತ ವಕೀಲರೊಬ್ಬರ ಮೇಲ್ದವಡೆಯನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಡಬ್ಬಿಯೊಳಗೆ ಇಡುತ್ತಿದ್ದರು. ಕೆಳದವಡೆ ಆಗಲೇ ಡಬ್ಬಿ ಸೇರಿ, ಯಾರೋ ಹೇಳಿದ ಜೋಕಿಗೆ ಅರ್ಧಕ್ಕೆ ನಕ್ಕು ನಿಲ್ಲಿಸಿದವರ ಹಾಗೆ ಬಾಯಿ ತೆರೆದುಕೊಂಡು ಕೂತಿತ್ತು. ಹಲ್ಲುಗಳು ಇನ್ನೂ ಮೇಣದಲ್ಲಿದ್ದವು. ಬಿಸಿಲು ತಾಗಿದರೆ ಮೇಣ ಮೆತ್ತಗಾಗಿ ವಕೀಲರ ಮುಂದಿನ ಎರಡು ಹಲ್ಲು ಒಂದಕ್ಕೊಂದು ಒರಗಿಕೊಂಡು ನಿದ್ದೆ ಹೋಗುವ ಸಾಧ್ಯತೆ ಇತ್ತು. ಆದ್ದರಿಂದ ಡಬ್ಬಿಯ ಸುತ್ತ ತಣ್ಣೀರಿನ ಬಟ್ಟೆ. ವಕೀಲರು ಹಲ್ಲು ಕೀಳಿಸಿಕೊಂಡ ದಿನದಿಂದ ಯಾರ ಎದುರೂ ಬಾಯಿ ತೆರೆದಿರಲಿಲ್ಲವಂತೆ. ಅವರ ಮನೆಯವರಿಗೆ ಮಾತ್ರ ಅವಸರವೇನೂ ಇದ್ದ ಹಾಗೆ ಕಾಣಲಿಲ್ಲ.

ಅವಸರ ಇದ್ದದ್ದು ಅತ್ತೆಗೆ. ಏಳೂಕಾಲಿನ ರೈಲು ಅವರನ್ನು ಹತ್ತಿಸಿಕೊಳ್ಳದಿದ್ದರೆ ಅಂದಿಗೆ ಅವರ ಕೆಲಸ ಮುಗಿದ ಹಾಗೆ. ಆ ದಿನದ ಕೆಲಸವಲ್ಲ, ಇಪ್ಪತ್ತು ವರ್ಷದ್ದು.

ಅತ್ತೆ ಅಪ್ಪನ ತಂಗಿ. ಹಲ್ಲು ಕಟ್ಟುವುದು ಅವರ ಉದ್ಯೋಗ. ನಗರದ ದಂತವೈದ್ಯರು ಬಾಯಿಯ ಅಚ್ಚು ತೆಗೆದುಕೊಡುತ್ತಾರೆ. ಅತ್ತೆ ಆ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಅದರ ಮೇಲೆ ಮೇಣದ ವಸಡು ಮಾಡಿ, ಹಲ್ಲು ಕೂರಿಸಿ, ಎಲ್ಲ ಸರಿಬಂದ ಮೇಲೆ ಬೇಯಿಸಿ ಗಟ್ಟಿ ಸೆಟ್ಟು ಮಾಡುತ್ತಾರೆ. ವೈದ್ಯರ ಗೋಡೆಯ ತುಂಬ ಸರ್ಟಿಫಿಕೇಟುಗಳಿವೆ, ಅತ್ತೆಯ ಗೋಡೆಯ ತುಂಬ ಊರವರ ದವಡೆಗಳಿವೆ. ಚಿಕ್ಕಂದಿನಲ್ಲಿ ನಾವು ಅವರ ಕೋಣೆಗೆ ಹೋದಾಗ ಯಾವ ದವಡೆ ಯಾರದು ಎಂದು ಪಿಸುಪಿಸು ಕೇಳುತ್ತಿದ್ದೆವು. ಅವರು ಎಂದೂ ಹೇಳಲಿಲ್ಲ. ಬಾಯಿಗಳ ನಡುವೆ ಬದುಕುವವರು ಬಾಯಿ ಬಿಡಬಾರದು ಎನ್ನುತ್ತಿದ್ದರು. ಮೂವರು ಅತ್ತೆಯಂದಿರಲ್ಲಿ ಗುರುತಿಗೆ ಇರಲೆಂದು ನಾವು ಇವರನ್ನು ಹಲ್ಲಿನ ಅತ್ತೆ ಎಂದು ಕರೆದೆವು, ಬೀದಿಯವರೂ ಅದನ್ನೇ ಎತ್ತಿಕೊಂಡರು.

ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರ ಅವರ ಎರಡೂ ಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಬಹಳ ಕಾಲ ಊರುಗೋಲಿನಲ್ಲಿ ನಡೆದರು. ಆಮೇಲೆ ಭುಜಗಳು ಕೈಕೊಟ್ಟಾಗ ಗಾಲಿಕುರ್ಚಿಗೆ ಬಂದರು. ಕುರ್ಚಿಗೆ ಬಂದ ದಿನವೇ ಅವರಿಗೆ ಒಂದು ಸಂಗತಿ ಗೊತ್ತಾಯಿತಂತೆ: ಗಾಲಿ ಮೇಲೆ ಕೂತವರಿಗೆ ಕಾಲಿನ ಜೊತೆ ಕಿವಿಯೂ ಹೋಗಿರುತ್ತದೆ ಎಂದು ಲೋಕ ನಂಬಿದೆ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಎಲ್ಲರೂ ಅವರ ತಲೆಯ ಮೇಲಿಂದ ನನ್ನನ್ನೇ ಕೇಳುತ್ತಿದ್ದರು. ಅವರಿಗೆ ಸಕ್ಕರೆ ಹಾಕಬಹುದಾ. ಅವರು ಸಹಿ ಮಾಡ್ತಾರಾ. ಒಮ್ಮೆ ಬಟ್ಟೆ ಅಂಗಡಿಯವನು ಅವರಿಗೆ ಯಾವ ಬಣ್ಣ ಇಷ್ಟ ಎಂದು ನನ್ನನ್ನು ಕೇಳಿದಾಗ ಅತ್ತೆ ಬಹಳ ವಿನಯದಿಂದ, “ಇರಿ, ಅವರನ್ನ ಕೇಳಿ ಹೇಳ್ತೀನಿ” ಎಂದು ತಾವೇ ಒಂದು ಕ್ಷಣ ಕಣ್ಣು ಮುಚ್ಚಿ ಯೋಚಿಸಿ, “ನೀಲಿಯಂತೆ” ಎಂದರು. ಅವನು ನೀಲಿ ಬಟ್ಟೆಯನ್ನು ನನ್ನ ಕೈಗೆ ಕೊಟ್ಟ.

ಅವರ ಮನೆ ಎರಡೇ ಕೋಣೆಯದು, ನೆಲಮಟ್ಟದಲ್ಲಿ, ಒಂದು ಬೀಗ ರಿಪೇರಿ ಅಂಗಡಿಯ ಹಿಂದೆ. ಹೊಸಿಲು ಕೀಳಿಸಿದ್ದರು. ಕೆಲಸದ ಮೇಜಿನ ಕಾಲು ಕುಯ್ಯಿಸಿ ಕುರ್ಚಿಯ ಎತ್ತರಕ್ಕೆ ಇಳಿಸಿದ್ದರು. ಮೇಜಿನ ಎಡಕ್ಕೆ ಸ್ಪಿರಿಟ್ ದೀಪ, ಬಲಕ್ಕೆ ಮೇಣದ ಚಾಕುಗಳು, ಮಧ್ಯದಲ್ಲಿ ಯಾರದೋ ನಗು. ಅಲ್ಲಿ ಅವರು ಯಾರನ್ನೂ ಒಂದು ಲೋಟ ನೀರಿಗೂ ಕರೆಯಬೇಕಾಗಿರಲಿಲ್ಲ. ಅಂಗವಿಕಲರಾಗಿದ್ದದ್ದು ಹೊರಗೆ ಹೊರಟಾಗ ಮಾತ್ರ.

ಕೆಲಸದಲ್ಲಿ ಅವರಿಗೊಂದು ಪದ್ಧತಿ ಇತ್ತು. ಮೇಣದ ಹಲ್ಲನ್ನು ರೋಗಿಯ ಬಾಯಲ್ಲಿ ಇಟ್ಟು, ಎದುರು ಕೂತು, ಅವರು ಮಾತಾಡುವುದನ್ನು ಕೇಳಿ, ನಗುವುದನ್ನು ನೋಡದೆ ಸೆಟ್ಟು ಬೇಯಿಸುತ್ತಿರಲಿಲ್ಲ. ಅಳತೆಯ ಪ್ರಕಾರ ಸರಿಯಿರುವ ಹಲ್ಲು ನಗುವಾಗ ಪರರದ್ದಾಗಿ ಕಾಣಬಹುದು. ಜನ ಹೇಳಿದಾಗ ನಗುವುದಿಲ್ಲ, ಹಲ್ಲು ಕಿರಿಯುತ್ತಾರೆ. ಅದು ಬೇರೆ ಅಳತೆ. ಆದ್ದರಿಂದ ಅತ್ತೆ ಅವರಿಗೆ ನಿಜವಾದ ನಗು ಬರಿಸಬೇಕಿತ್ತು, ಮತ್ತು ಅದಕ್ಕೆ ಸಾಮಾನ್ಯವಾಗಿ ದಂತವೈದ್ಯರನ್ನೇ ಬಳಸಿಕೊಳ್ಳುತ್ತಿದ್ದರು. ವೈದ್ಯರು ಪಕ್ಕದಲ್ಲೇ ನಿಂತು, ತಮ್ಮ ಬೋಳುತಲೆಯಿಂದ ವೈದ್ಯವಿಜ್ಞಾನಕ್ಕೆ ಆಗುತ್ತಿದ್ದ ಉಪಕಾರವನ್ನು ಸಹಿಸಿಕೊಳ್ಳುತ್ತಿದ್ದರು. ಅತ್ತೆ ಕಟ್ಟಿದ ಸೆಟ್ಟು ವಾಪಸು ಬರುತ್ತಿರಲಿಲ್ಲ ಎಂಬುದೇ ಅವರ ಸಹನೆಗೆ ಕಾರಣ. ಈ ಪದ್ಧತಿಗಾಗಿ ಅತ್ತೆ ಪ್ರತಿ ಮಂಗಳವಾರ ನಗರಕ್ಕೆ ಹೋಗಬೇಕಿತ್ತು.

ನಗರದ ಸ್ಟೇಷನ್ನಿನಲ್ಲಿ ತೊಂದರೆ ಇರಲಿಲ್ಲ. ಅಲ್ಲಿಯ ಪ್ಲಾಟ್‌ಫಾರಂ ಎತ್ತರ, ಬೋಗಿಯ ಬಾಗಿಲಿಗೆ ಸಮ, ಕುರ್ಚಿ ತಾನಾಗಿ ಉರುಳಿ ಇಳಿಯುತ್ತಿತ್ತು. ನಮ್ಮದು ತಗ್ಗಿನ ಪ್ಲಾಟ್‌ಫಾರಂ. ಇಲ್ಲಿ ರೈಲು ಬಂದು ನಿಂತಾಗ ಬಾಗಿಲು ಎದೆಮಟ್ಟದಲ್ಲಿರುತ್ತದೆ, ಕೆಳಗೆ ಮೂರು ಕಬ್ಬಿಣದ ಮೆಟ್ಟಿಲು. ರೈಲ್ವೆಯವರು ಹೃದಯವಿಲ್ಲದವರೇನಲ್ಲ. ಪ್ರತಿ ರೈಲಿಗೂ ಒಂದು ಅಂಗವಿಕಲರ ಬೋಗಿ ಕೊಟ್ಟಿದ್ದಾರೆ. ಅದರೊಳಗೆ ಅಗಲವಾದ ಬಾಗಿಲು, ಕುರ್ಚಿ ಕಟ್ಟಲು ಕೊಂಡಿ, ಹಿಡಿಯಲು ಕಂಬಿ, ಎಲ್ಲವೂ ಇವೆ. ಒಳಗೆ ಹೋಗುವುದೊಂದು ಬಿಟ್ಟು ಮಿಕ್ಕೆಲ್ಲ ಅನುಕೂಲಗಳೂ ಇವೆ. ಆ ಬೋಗಿಯಲ್ಲಿ ಸಾಮಾನ್ಯವಾಗಿ ಗಟ್ಟಿಮುಟ್ಟಾದ ಐದಾರು ಯುವಕರು ಇಸ್ಪೀಟು ಆಡುತ್ತ ಕೂತಿರುತ್ತಿದ್ದರು. ಅವರ ಅಂಗವೈಕಲ್ಯ ಟಿಕೆಟ್ ತಪಾಸಣೆಯವರು ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತಿತ್ತು.

ಹದಿನೆಂಟು ವರ್ಷ ಅತ್ತೆಯನ್ನು ಆ ಬೋಗಿಗೆ ಹತ್ತಿಸಿದ್ದು ಸ್ಟೇಷನ್ನಿನ ಕೂಲಿಗಳು. ಕುರ್ಚಿಯ ನಾಲ್ಕು ಮೂಲೆಗೆ ನಾಲ್ವರು. ಎತ್ತುವಾಗ ಒಬ್ಬ ಬಲಕ್ಕೆ ಎನ್ನುತ್ತಿದ್ದ, ಒಬ್ಬ ಎಡಕ್ಕೆ ಎನ್ನುತ್ತಿದ್ದ, ಪ್ಲಾಟ್‌ಫಾರಂ ಮೇಲಿದ್ದವರೆಲ್ಲ ತಮ್ಮ ತಮ್ಮ ಸಲಹೆ ಸೇರಿಸುತ್ತಿದ್ದರು, ಸಲಹೆ ಇಲ್ಲದವರು ಅಯ್ಯೋ ಪಾಪ ಎನ್ನುತ್ತಿದ್ದರು. ಮೇಲೆ ಕೂತ ಅತ್ತೆ ಮೆರವಣಿಗೆಯಲ್ಲಿ ಸಿಕ್ಕಿಬಿದ್ದ ಮಂತ್ರಿಯ ಹಾಗೆ ಎಲ್ಲರಿಗೂ ತಲೆಯಾಡಿಸುತ್ತಿದ್ದರು. ಒಂದು ದಿನ ಬಲದವನೂ ಎಡದವನೂ ತಂತಮ್ಮ ಅಭಿಪ್ರಾಯಕ್ಕೆ ಗಟ್ಟಿಯಾಗಿ ಅಂಟಿಕೊಂಡರು. ಅತ್ತೆ ಇಬ್ಬರ ನಡುವೆ ಕೆಳಗೆ ಬಂದರು. ಮುರಿದದ್ದು ಬಲ ಮಣಿಕಟ್ಟು. ನೋಡಲು ಬಂದವರೆಲ್ಲ ಪುಣ್ಯಕ್ಕೆ ಕಾಲಿಗೇನೂ ಆಗಲಿಲ್ಲ ಎಂದು ಸಮಾಧಾನ ಹೇಳಿದರು. ಅತ್ತೆಗೆ ಕಾಲು ಹೆಸರಿಗೆ ಮಾತ್ರ ಇದ್ದದ್ದು, ಹೊಟ್ಟೆಪಾಡು ನಡೆಯುತ್ತಿದ್ದದ್ದು ಆ ಮಣಿಕಟ್ಟಿನಿಂದ. ಕೂಡಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಪಟ್ಟಿ ಬಿಚ್ಚಿದ ದಿನ ಅವರು ಹೇಳಿದ್ದು ಒಂದೇ ಮಾತು, ಇನ್ನು ಮೇಲೆ ನನ್ನನ್ನ ಯಾರೂ ಎತ್ತಬಾರದು.

ಅಪ್ಪ ಆ ಮಾತನ್ನು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡರು. ಎತ್ತಬಾರದು ಎಂದರೆ ಹೋಗುವುದಿಲ್ಲ ಎಂದೇ ಅರ್ಥ. ನಮ್ಮ ಮನೆಯ ಅಡುಗೆಕೋಣೆಯ ಪಕ್ಕದ ಉಗ್ರಾಣ ಖಾಲಿ ಮಾಡಿಸಿ, ತಿಳಿಗುಲಾಬಿ ಬಣ್ಣ ಹೊಡೆಸಿ, ಮಂಚ ಹಾಕಿಸಿ, ಮಂಚದ ತಲೆದೆಸೆಗೆ ಒಂದು ಕರೆಗಂಟೆಯನ್ನೂ ಹಾಕಿಸಿದರು. ಗುಂಡಿ ಒತ್ತಿದರೆ ಸಾಕು, ಅಮ್ಮ ಓಡಿಬರುತ್ತಾಳೆ ಎಂದು ವಿವರಿಸಿದರು. ಅಮ್ಮನನ್ನು ಕೇಳಿರಲಿಲ್ಲ. ಅತ್ತೆ ಕೋಣೆ ನೋಡಿದರು, ಗಂಟೆ ಒತ್ತಿ ನೋಡಿದರು, ಅಮ್ಮ ನಿಜವಾಗಿಯೂ ಓಡಿಬಂದದ್ದನ್ನು ನೋಡಿದರು. ಆಮೇಲೆ ಅಮ್ಮನಿಗೆ, “ಅತ್ತಿಗೆ, ನಮ್ಮಿಬ್ಬರಲ್ಲಿ ಇದು ಯಾರಿಗೆ ಶಿಕ್ಷೆ ಅಂತ ಗೊತ್ತಾಗ್ಲಿಲ್ಲ” ಎಂದರು. ಅಪ್ಪನಿಗೆ ನೋವಾಯಿತು. ಅಪ್ಪನದು ಕೆಟ್ಟ ಮನಸ್ಸಲ್ಲ. ತಂಗಿಯನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟವರು ಅವರೇ. ಬೆನ್ನು ಬಗ್ಗಿ ಎಷ್ಟೋ ವರ್ಷವಾದರೂ ಅವಳನ್ನು ಇಳಿಸುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ.

ಸುಮಾರು ಎರಡು ವರ್ಷ ವೈದ್ಯರ ಕಾಂಪೌಂಡರ್ ಅಚ್ಚುಗಳನ್ನು ತಂದು, ಹಲ್ಲುಗಳನ್ನು ಒಯ್ಯುತ್ತಿದ್ದ. ಅವನಿಗೆ ನಗಿಸಲು ಬರುತ್ತಿರಲಿಲ್ಲ. ಸೆಟ್ಟುಗಳು ವಾಪಸು ಬರತೊಡಗಿದವು. ಆಮೇಲೆ ಅವನೂ ಬೇರೆ ಊರಿಗೆ ಹೋದ. ವೈದ್ಯರು ಫೋನು ಮಾಡಿ, ತಮಗೆ ಬಹಳ ಬೇಸರವೆಂದೂ, ಆದರೆ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲೇ ಒಂದು ಹೊಸ ಲ್ಯಾಬು ಬಂದಿದೆಯೆಂದೂ, ವಕೀಲರ ಮೇಣದ ಸೆಟ್ಟಿನ ಜೊತೆ ಈ ಮಂಗಳವಾರ ಅತ್ತೆ ತಾವೇ ಬರದಿದ್ದರೆ ಮುಂದಿನ ಬಾಯಿಗಳನ್ನೆಲ್ಲ ಮೇಲಕ್ಕೆ ಕಳಿಸುವುದಾಗಿಯೂ ಹೇಳಿದರು. ಅಪ್ಪ ಗುಲಾಬಿ ಕೋಣೆಗೆ ಹೊಸ ಪರದೆ ತಂದರು.

ಆದರೆ ಅತ್ತೆ ಈ ಎರಡು ವರ್ಷ ಸುಮ್ಮನೆ ಕೂತಿರಲಿಲ್ಲ. ನಮ್ಮ ಪ್ಲಾಟ್‌ಫಾರಂನಲ್ಲಿ ಅಂಗವಿಕಲರ ಬೋಗಿ ನಿಲ್ಲುವ ಜಾಗದಲ್ಲಿ ಬಾಗಿಲಿನ ಎತ್ತರಕ್ಕೆ ಒಂದು ಸಿಮೆಂಟಿನ ಇಳಿಜಾರು ಕಟ್ಟಿಕೊಡಿ ಎಂದು ರೈಲ್ವೆಗೆ ಬರೆದಿದ್ದರು. ಮೊದಲು ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು, ಆಮೇಲೆ ಗಂಭೀರ ಪರಿಶೀಲನೆಯಲ್ಲಿದೆ ಎಂದು ಬಂತು. ಕೊನೆಗೆ ನಿಜವಾಗಿಯೂ ಇಬ್ಬರು ಬಂದು, ರೈಲು ನಿಂತಾಗ ಬೋಗಿಯ ಬಾಗಿಲಿಗೆ ನೇರವಾಗಿ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಹೋದರು. ಅತ್ತೆ ತಾವೇ ಹೋಗಿ ಗುರುತು ನೋಡಿ ಬಂದರು. ಗುರುತು ಸರಿಯಾಗಿತ್ತು. ಇಳಿಜಾರು ಎದ್ದಿತು. ಎರಡೂ ಬದಿಗೆ ಹಳದಿ ಕಂಬಿ, ಮೇಲೆ ಜಾರದ ಹಾಗೆ ಗೀರು, ತುದಿಯಲ್ಲಿ ಗಾಲಿಕುರ್ಚಿಯ ಚಿತ್ರ. ಉದ್ಘಾಟನೆ ಅದೇ ಮಂಗಳವಾರವೆಂದು ನಿಶ್ಚಯವಾಯಿತು. ಮೊದಲು ಹತ್ತುವವರು ಅತ್ತೆ ಎಂದೂ ನಿಶ್ಚಯವಾಯಿತು.

ಹೀಗೆ ಆ ಬೆಳಿಗ್ಗೆ ಡಬ್ಬಿ ನನ್ನ ಕೈಗೆ ಕೊಟ್ಟು, ತಮ್ಮ ಕುರ್ಚಿಯ ಗಾಲಿ ತಾವೇ ತಿರುಗಿಸುತ್ತ, ಅತ್ತೆ ಸ್ಟೇಷನ್ನಿಗೆ ಬಂದರು. ಅಪ್ಪನೂ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ ಎಂದು ಗೊತ್ತಿದ್ದವರ ಮುಖದಲ್ಲಿ.

ಪ್ಲಾಟ್‌ಫಾರಂ ಮೇಲೆ ರಿಬ್ಬನ್ನು, ಮೈಕು, ಬಟ್ಟೆ ಹೊದಿಸಿದ ಕುರ್ಚಿಗಳು. ವಿಭಾಗದ ದೊಡ್ಡ ಸಾಹೇಬರು ಬಂದಿದ್ದರು, ಅವರ ಜೊತೆ ಪತ್ರಿಕೆಯ ಫೋಟೊಗ್ರಾಫರ್. ಸಾಹೇಬರು ಭಾಷಣದಲ್ಲಿ ರೈಲ್ವೆ ಎಲ್ಲರನ್ನೂ ಒಟ್ಟಿಗೆ ಕೊಂಡೊಯ್ಯುತ್ತದೆ ಎಂದರು. ಅತ್ತೆಯ ಧೈರ್ಯವನ್ನು ಹೊಗಳಿದರು, ಅವರ ಛಲವನ್ನು ಹೊಗಳಿದರು, ಅವರ ಮುಗುಳ್ನಗೆಯನ್ನು ಹೊಗಳಿದರು. ಆಮೇಲೆ ಬಗ್ಗಿ ನನ್ನ ಹತ್ತಿರ ಅವರಿಗೆ ಬಿಸಿಲಾಗುತ್ತಿಲ್ಲವಷ್ಟೇ ಎಂದು ವಿಚಾರಿಸಿದರು. ರಿಬ್ಬನ್ನು ಕತ್ತರಿಸಿದ್ದೂ ಅವರೇ. ರೈಲು ಸಮಯಕ್ಕೆ ಸರಿಯಾಗಿ ಬಂತು.

ಬಂದದ್ದು ತಿರುಗಾಮುರುಗಾ.

ಆದದ್ದು ಇಷ್ಟು. ಇಳಿಜಾರು ಕಟ್ಟಿದ್ದು ಕಟ್ಟಡದ ಇಲಾಖೆ. ರೈಲು ಓಡಿಸುವುದು ಓಡಾಟದ ಇಲಾಖೆ. ಎರಡೂ ಒಂದೇ ಕಟ್ಟಡದಲ್ಲಿ, ಮುನಿಸಿಕೊಂಡ ಓರಗಿತ್ತಿಯರ ಹಾಗೆ, ಬೇರೆ ಬೇರೆ ಬಾಗಿಲಿನಲ್ಲಿ ಓಡಾಡಿಕೊಂಡಿವೆ. ಇತ್ತ ಸಿಮೆಂಟು ಒಣಗುತ್ತಿರುವಾಗ ಅತ್ತ ಹೊಸ ವೇಳಾಪಟ್ಟಿ ಬಂದಿತ್ತು. ಆ ಮಂಗಳವಾರದಿಂದ ನಮ್ಮ ರೈಲು ಇನ್ನೊಂದು ಊರಿನಿಂದ ಹೊರಟು, ಜಂಕ್ಷನ್ನಿನಲ್ಲಿ ಎಂಜಿನ್ನನ್ನು ಇನ್ನೊಂದು ತುದಿಗೆ ಸೇರಿಸಿಕೊಂಡು ಬರಬೇಕೆಂದು ಅದರಲ್ಲಿತ್ತು. ಹಾಗೆ ಮಾಡಿದರೆ ರೈಲಿನ ತಲೆ ಬಾಲವಾಗುತ್ತದೆ, ಬಾಲ ತಲೆಯಾಗುತ್ತದೆ. ಅಂಗವಿಕಲರ ಬೋಗಿ ಈಗ ಪ್ಲಾಟ್‌ಫಾರಂ ಮುಗಿದ ಮೇಲೂ ಮುಂದೆ, ಜಲ್ಲಿಕಲ್ಲು ಮತ್ತು ಮುಳ್ಳುಗಿಡಗಳ ನಡುವೆ ನಿಂತಿತ್ತು. ಅಲ್ಲಿಂದ ಇಸ್ಪೀಟಿನವರು ಇಣುಕಿ ಸಮಾರಂಭ ನೋಡುತ್ತಿದ್ದರು. ಇಳಿಜಾರಿನ ತುದಿಗೆ, ಒಂದು ಬೆರಳೂ ಆಚೀಚೆ ಇಲ್ಲದೆ, ಪಾರ್ಸೆಲ್ ಬೋಗಿಯ ಬಾಗಿಲು ಬಂದು ನಿಂತಿತು. ಒಳಗಿನ ಈರುಳ್ಳಿ ಮೂಟೆಗಳಿಗೆ ಇಷ್ಟು ದೊಡ್ಡ ಸ್ವಾಗತ ಹಿಂದೆಂದೂ ಸಿಕ್ಕಿರಲಾರದು.

ಫೋಟೊಗ್ರಾಫರ್ ಮೂಟೆಗಳ ಒಂದು ಫೋಟೊ ತೆಗೆದ. ಸಾಹೇಬರು ಸ್ಟೇಷನ್ ಮಾಸ್ಟರನ್ನು ನೋಡಿದರು, ಸ್ಟೇಷನ್ ಮಾಸ್ಟರ್ ರೈಲನ್ನು ನೋಡಿದರು. ಬಿಡಿ, ಇದೊಂದು ದಿನ ನಾಲ್ಕು ಜನ ಹಿಡಿದು ಆ ಬೋಗಿಗೆ ಎತ್ತಿ ಹಾಕಿಬಿಡ್ತಾರೆ, ಮುಂದಿನ ವಾರಕ್ಕೆ ಏನಾದರೂ ಮಾಡೋಣ ಎಂದು ಮಾಸ್ಟರು ಹೇಳಿದರು. ಜಲ್ಲಿಯ ಮೇಲೆ ನಿಂತು ಎದೆಯ ಎತ್ತರಕ್ಕೆ ಎತ್ತುವುದು. ಹಳೆಯ ಕೂಲಿಗಳಲ್ಲಿ ಎಡದವನೂ ಬಲದವನೂ ಅಲ್ಲೇ ಇದ್ದರು. ಅತ್ತೆ ತಮ್ಮ ಬಲ ಮಣಿಕಟ್ಟನ್ನು ಎಡಗೈಯಿಂದ ಮುಚ್ಚಿಕೊಂಡರು. ಬೇಡ ಎಂದರು.

ಅಪ್ಪ ಕುರ್ಚಿಯ ಹಿಂದಿನ ಹಿಡಿಗೆ ಕೈ ಹಾಕಿದರು.

“ನಡಿ, ಮನೆಗೆ ಹೋಗೋಣ. ಡಾಕ್ಟ್ರಿಗೆ ನಾನು ಫೋನ್ ಮಾಡ್ತೀನಿ.”

ಅತ್ತೆ ಗಾಲಿಯ ಬ್ರೇಕು ಎಳೆದರು. ಅಪ್ಪ ತಳ್ಳಿದರು, ಕುರ್ಚಿ ಅಲ್ಲಾಡಲಿಲ್ಲ. ಒಂದು ಕ್ಷಣ ಹಾಗೇ ಇದ್ದು, ಅತ್ತೆ ಬ್ರೇಕು ಬಿಟ್ಟು, ಅಪ್ಪನ ಕೈಯಿಂದ ಕುರ್ಚಿಯನ್ನು ಮುಂದಕ್ಕೆ ಕಿತ್ತುಕೊಂಡು, ಹೊಸ ಇಳಿಜಾರಿನ ಮೇಲೆ ಒಬ್ಬರೇ ಗಾಲಿ ತಿರುಗಿಸುತ್ತ ಮೇಲಕ್ಕೆ ಹೋದರು. ಇಳಿಜಾರು ಬಹಳ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಎಲ್ಲೂ ಉಸಿರು ಕಟ್ಟಲಿಲ್ಲ. ತುದಿಯಲ್ಲಿ ನಿಂತು ಅವರು ಪಾರ್ಸೆಲ್ ಬೋಗಿಯ ಒಳಗೆ ನೋಡಿದರು. ಮೂಟೆಗಳ ನಡುವೆ ಒಂದು ಕುರ್ಚಿಗೆ ಬೇಕಾದಷ್ಟು ಜಾಗವಿತ್ತು.

ಬಾಗಿಲಲ್ಲಿ ಪಾರ್ಸೆಲ್ ಗುಮಾಸ್ತರು ನಿಂತಿದ್ದರು. ಕೆಲಸದ ವೇಳೆಯಲ್ಲಿ ಅವರು ನಕ್ಕದ್ದನ್ನು ಆ ಸ್ಟೇಷನ್ನಿನಲ್ಲಿ ಯಾರೂ ಕಂಡಿರಲಿಲ್ಲ. ಸಮಾರಂಭದ ಮೈಕನ್ನು ಇಳಿಜಾರಿನ ಕಂಬಿಗೇ ಕಟ್ಟಿದ್ದರು, ಮತ್ತು ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆದ್ದರಿಂದ ಮುಂದಿನ ಮಾತುಕತೆಯನ್ನು ರೈಲಿನ ಎರಡೂ ತುದಿಯವರು ಕೇಳಿದರು.

“ಪ್ರಯಾಣಿಕರು ಈ ಬೋಗಿ ಹತ್ತೋ ಹಾಗಿಲ್ಲಮ್ಮ. ಬೋರ್ಡಿದೆ ನೋಡಿ.”

“ಪ್ರಯಾಣಿಕರು ಅನ್ನೋದು ಬೇಡ ಬಿಡಿ. ಪಾರ್ಸೆಲ್ ಅಂತ ಬರ್ಕೊಳ್ಳಿ.”

ಬೇರೆ ಯಾರಾದರೂ ಆಗಿದ್ದರೆ ಇದನ್ನು ತಮಾಷೆ ಎಂದುಕೊಳ್ಳುತ್ತಿದ್ದರು. ಗುಮಾಸ್ತರು ಯೋಚಿಸಿದರು. ನಾಯಿ, ಕುರಿ, ಕೋಳಿಮರಿ ಇವುಗಳಿಗೆ ನಿಯಮ ಇದೆ, ಮನುಷ್ಯರನ್ನು ಕಳಿಸಬಾರದು ಎಂದು ಎಲ್ಲೂ ಬರೆದಿಲ್ಲ, ಬಹುಶಃ ಯಾರಿಗೂ ಹೊಳೆಯದೆ ಬಿಟ್ಟುಹೋಗಿರಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕೆಳಗಿಂದ ಸಾಹೇಬರು ಬರ್ಕೊಳ್ರಿ, ಬರ್ಕೊಳ್ರಿ ಎಂದು ಕೈಬೀಸಿದರು. ಅವರಿಗೆ ಬೇಕಾದದ್ದು ಇಳಿಜಾರಿನ ಮೇಲೆ ಗಾಲಿಕುರ್ಚಿ ಇರುವ ಒಂದು ಫೋಟೊ, ಬಾಗಿಲು ಯಾವುದಾದರೇನು. ಸಾಹೇಬರು ಪ್ಲಾಟ್‌ಫಾರಂ ಮೇಲಿರುವಾಗ ಸೀಟಿ ಊದುವಷ್ಟು ಧೈರ್ಯ ಗಾರ್ಡಿಗೂ ಇರಲಿಲ್ಲ. ಗುಮಾಸ್ತರು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಪೆನ್ನು ತೆಗೆದರು.

“ಜೀವ ಇರೋ ಸರಕಾದ್ರೆ ನೀರು, ಆಹಾರ ಕಳಿಸೋರದ್ದೇ ಜವಾಬ್ದಾರಿ.”

ಅತ್ತೆ ಚೀಲ ತೆರೆದು ನೀರಿನ ಬಾಟಲಿಯನ್ನೂ ಬಿಸ್ಕತ್ತಿನ ಪೊಟ್ಟಣವನ್ನೂ ತೋರಿಸಿದರು. ಗುಮಾಸ್ತರು ಎರಡನ್ನೂ ನೋಡಿ ತೃಪ್ತರಾದರು.

“ಕಳಿಸೋರು ಯಾರು?”

ಅಷ್ಟರಲ್ಲಿ ಅಪ್ಪ, ಡಬ್ಬಿ ಹಿಡಿದಿದ್ದ ನನ್ನ ಜೊತೆ, ಇಳಿಜಾರು ಹತ್ತಿ ಬಂದಿದ್ದರು. ಏದುಸಿರು ಬಿಡುತ್ತಿದ್ದರು. ತಂಗಿಯನ್ನು ಮೂಟೆಗಳ ಜೊತೆ ಕಳಿಸುವುದು ಅವರಿಗೆ ಅವಮಾನ. ಆದರೆ ಊರೆಲ್ಲ ಕೇಳುತ್ತಿರುವಾಗ ಅವಳ ಹಿಂದೆ ಯಾರೂ ಇಲ್ಲ ಎನಿಸಿಕೊಳ್ಳುವುದು ಇನ್ನೂ ದೊಡ್ಡ ಅವಮಾನ.

“ನಾನು” ಎಂದರು. “ನಾನು ಅವಳ ಅಣ್ಣ. ಕಳಿಸೋರು ಅಂತ ನನ್ನ ಹೆಸರೇ ಹಾಕ್ಕೊಳ್ಳಿ.”

ಗುಮಾಸ್ತರ ಪೆನ್ನು ಕಾಗದಕ್ಕೆ ತಾಗುವ ಮೊದಲೇ ಅತ್ತೆ ಅಪ್ಪನ ಕೈ ಹಿಡಿದರು.

“ಬೇಡ ಅಣ್ಣ. ನೀನು ಕಳಿಸಿದ್ರೆ ವಾಪಸ್ ತರಿಸ್ಕೊಳ್ಳೋ ಹಕ್ಕೂ ನಿಂದೇ ಆಗತ್ತೆ.” ಆಮೇಲೆ ಗುಮಾಸ್ತರ ಕಡೆ ತಿರುಗಿ, “ಕಳಿಸೋಳು ನಾನೇ. ಅಲ್ಲಿ ಬಿಡಿಸ್ಕೊಳ್ಳೋಳೂ ನಾನೇ” ಎಂದರು.

ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ನನ್ನಿಂದ ಹಲ್ಲಿನ ಡಬ್ಬಿ ತೆಗೆದುಕೊಂಡು, ಅದರ ಬಟ್ಟೆ ಇನ್ನೂ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ಅತ್ತೆಯ ತೊಡೆಯ ಮೇಲೆ ಇಟ್ಟರು.

ಉಳಿದದ್ದು ತೂಕ. ತೂಕವಿಲ್ಲದೆ ಪಾರ್ಸೆಲ್ ಬೋಗಿಯೊಳಗೆ ಒಂದು ಪೊರಕೆಯೂ ಹೋಗುವುದಿಲ್ಲ ಎಂದರು ಗುಮಾಸ್ತರು. ಸ್ಟೇಷನ್ನಿನ ತೂಕದ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು. ಅದು ದುರಸ್ತಿಯಾಗುವವರೆಗೆ ಕಳಿಸುವವರು ಹೇಳಿದ್ದೇ ತೂಕ ಎಂದು ಮೇಲಿನಿಂದ ಆದೇಶವಿತ್ತು. ಈ ಆದೇಶದ ದೆಸೆಯಿಂದ ನಮ್ಮ ಊರಿನ ಈರುಳ್ಳಿ ಮೂಟೆಗಳು ಪ್ರಪಂಚದಲ್ಲೇ ಅತ್ಯಂತ ಹಗುರ. ಎಷ್ಟು ಬರೀಲಿ ಎಂದು ಗುಮಾಸ್ತರು ಕೇಳಿದರು, ಮೈಕು ಅದನ್ನು ಊರಿಗೆಲ್ಲ ಕೇಳಿಸಿತು. ಅತ್ತೆ ಅದುವರೆಗೆ ಯಾವ ವೈದ್ಯರಿಗೂ ತಮ್ಮ ತೂಕ ಹೇಳಿದವರಲ್ಲ. ನಿಮ್ಮ ಕಣ್ಣಿಗೆ ಎಷ್ಟು ಕಾಣುತ್ತೋ ಅಷ್ಟು ಎಂದುಬಿಡುತ್ತಿದ್ದರು. ಈಗ ಕಿಟಕಿ ಕಿಟಕಿಯಿಂದ ತಲೆಗಳು ಹೊರಗೆ ಬಂದಿದ್ದವು. ಅತ್ತೆ ಬೆನ್ನು ನೆಟ್ಟಗೆ ಮಾಡಿ ಒಂದು ಅಂಕಿ ಹೇಳಿದರು. ಗುಮಾಸ್ತರು ಬರೆದುಕೊಂಡು, ಪಕ್ಕಕ್ಕೆ ಸರಿದು, ದಾರಿ ಬಿಟ್ಟರು.

ಹೀಗೆ ಅತ್ತೆ, ಯಾರ ಕೈಯೂ ತಾಗದೆ, ರೈಲು ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ವಕೀಲರು ನಕ್ಕರು. ವೈದ್ಯರ ಬೋಳುತಲೆ ಇದ್ದದ್ದರಿಂದ ಅದು ಕಷ್ಟವಾಗಲಿಲ್ಲ. ಮುಂದಿನ ಬಾಯಿಗಳು ಮೇಲಿನ ಮಹಡಿಗೆ ಹೋಗಲಿಲ್ಲ. ಗುಲಾಬಿ ಕೋಣೆಯಲ್ಲಿ ಅಮ್ಮ ಮತ್ತೆ ಉಗ್ರಾಣದ ಡಬ್ಬಗಳನ್ನು ಜೋಡಿಸಿಕೊಂಡಳು, ಈ ಸಲ ಅವಳೂ ಯಾರನ್ನೂ ಕೇಳಲಿಲ್ಲ.

ಇದೆಲ್ಲ ನಡೆದು ಆರು ವರ್ಷವಾಯಿತು. ಇಳಿಜಾರನ್ನು ಇನ್ನೊಂದು ತುದಿಗೆ ಸ್ಥಳಾಂತರಿಸುವ ವಿಷಯ ಗಂಭೀರ ಪರಿಶೀಲನೆಯಲ್ಲಿದೆ. ಅತ್ತೆಯೇ ಈಗ ಅದಕ್ಕೆ ಅವಸರ ಮಾಡುತ್ತಿಲ್ಲ. ಪಾರ್ಸೆಲ್ ಬೋಗಿಯಲ್ಲಿ ಗಾಳಿ ಚೆನ್ನಾಗಿರುತ್ತದೆಯಂತೆ, ಇಸ್ಪೀಟಿನವರ ಗಲಾಟೆ ಇಲ್ಲವಂತೆ, ಅಲ್ಲದೆ ಅಯ್ಯೋ ಪಾಪ ಎನ್ನುವ ಈರುಳ್ಳಿಯನ್ನು ಅವರು ಇದುವರೆಗೆ ಕಂಡಿಲ್ಲವಂತೆ. ಅಪ್ಪ ಪ್ರತಿ ಮಂಗಳವಾರ ಸ್ಟೇಷನ್ನಿಗೆ ಬಂದು ಇಳಿಜಾರಿನ ಕೆಳಗೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಆ ಕೈಗಳು ಮುಂದಕ್ಕೆ ಬರದಂತೆ ಹಿಡಿದಿಡುವುದು ಅವರಿಗೆ ಎಷ್ಟು ಕಷ್ಟವೆಂದು ಹಿಂದೆ ನಿಂತವರಿಗೆ ಕಾಣುತ್ತದೆ.

ಗುಮಾಸ್ತರು ತೂಕ ಕೇಳುವುದನ್ನು ನಿಲ್ಲಿಸಿದ್ದಾರೆ. ಅತ್ತೆ ಬರುವುದು ದೂರದಿಂದ ಕಂಡ ಕೂಡಲೇ ಅದೇ ಅಂಕಿ ಬರೆದಿಡುತ್ತಾರೆ. ಈ ಆರು ವರ್ಷದಲ್ಲಿ ಅತ್ತೆ ಸ್ವಲ್ಪ ಮೈ ತುಂಬಿಕೊಂಡಿದ್ದಾರೆ ಎಂದು ಅಮ್ಮನ ಅಭಿಪ್ರಾಯ. ಅಂದು ಹೇಳಿದ್ದೇ ಅಂದಿಗೂ ನಿಜವಿರಲಿಲ್ಲ ಎಂದು ಅಪ್ಪನ ಅಭಿಪ್ರಾಯ, ಹೊತ್ತವರಿಗೆ ಗೊತ್ತು ಎನ್ನುತ್ತಾರೆ. ತೂಕದ ಯಂತ್ರ ಇನ್ನೂ ದುರಸ್ತಿಯಾಗಿಲ್ಲ, ಆದ್ದರಿಂದ ಅಲ್ಲಗಳೆಯಲು ಯಾರ ಬಳಿಯೂ ಆಧಾರವಿಲ್ಲ. ಬೇರೆಯವರಾಗಿದ್ದರೆ ಇಂಥ ಕಡೆ ಒಂದು ದುಂಡು ಸಂಖ್ಯೆ ಹೇಳಿ ಸಿಕ್ಕಿಬೀಳುತ್ತಿದ್ದರು. ಅತ್ತೆ ಹಲ್ಲನ್ನು ಕೂದಲೆಳೆಯ ಅಳತೆಗೆ ಕೂರಿಸುವವರು, ನಂಬಿಕೆ ಹುಟ್ಟುವುದು ಎಲ್ಲಿ ಎಂದು ಅವರಿಗೆ ಗೊತ್ತಿತ್ತು. ಇಡೀ ರೈಲು ಕಿವಿಗೊಟ್ಟು ನಿಂತಿದ್ದ ಆ ಬೆಳಿಗ್ಗೆ, ಮೈಕಿನ ಕಡೆ ಕೊಂಚ ಬಾಗಿ, ಗುಮಾಸ್ತರ ಕಣ್ಣಿನಲ್ಲಿ ಕಣ್ಣಿಟ್ಟು ಅವರು ಹೇಳಿದ್ದು:

“ಕುರ್ಚಿ ಬಿಟ್ಟು, ನಲವತ್ತೊಂಬತ್ತೂವರೆ ಕಿಲೋ.”